ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲೇಬೇಕೇ?

ಓದುಗರ ಸಮಸ್ಯೆ: ನನಗೆ 29 ವರ್ಷ. ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ). ಆಟಿಸಂ (ಮಿದುಳಿನ ಬೆಳವಣಿಗೆ ಹುಟ್ಟಿನಿಂದಲೇ ಬೇರೆ ರೀತಿ ಇರುವ ಸ್ಥಿತಿ; ಕಣ್ಣು ನೋಡಿ ಮಾತಾಡುವುದು, ಜೋರು ಸದ್ದು ಹಲವರಿಗೆ ಕಷ್ಟ) ಇದೆ ಎಂದು ಗೊತ್ತಾಗಿ ಆರು ತಿಂಗಳಾಯಿತು. ದಿನಾ ಕನ್ನಡಿ ಮುಂದೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಅಭ್ಯಾಸ ಮಾಡಿ ಎನ್ನುತ್ತಾರೆ ಕೌನ್ಸೆಲರ್. ಸಂಜೆಗೆ ಸುಸ್ತಾಗಿ ಬಿದ್ದುಕೊಳ್ಳುತ್ತೇನೆ. 'ಮದುವೆಯಾದರೆ ಸರಿಹೋಗುತ್ತೆ' ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಓದುಗರ ಸ್ಪಂದನ

ತಂಗಿ, ಮೊದಲು ಆ ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಡಿ. ನನ್ನದು ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ. ಗೊತ್ತಾಗಿದ್ದು 36ನೇ ವಯಸ್ಸಿನಲ್ಲಿ. ಕಾಫಿ ತೋಟದಲ್ಲಿ ರೈಟರ್ ನಾನು. ಆಳುಗಳ ಹಾಜರಿ ಬರೆಯುವುದೇ ಕೆಲಸ, ಅದನ್ನೇ ಮರೆಯುತ್ತಿದ್ದೆ. ಬಟವಾಡೆ ದಿನ ಜಗಳವೋ ಜಗಳ. ಮೊದಲು ಸಿಕ್ಕ ಥೆರಪಿಸ್ಟ್ 'ಗಮನ ಕೊಟ್ಟು ಕೆಲಸ ಮಾಡಿ' ಎಂದು ಹೇಳಿ ಕಳಿಸಿದರು. ಗಮನ ಕೊಡಲು ಬರುವ ಹಾಗಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದೆ! ಎರಡನೆಯವರು ಕೇಳಿದ್ದೇ ಬೇರೆ. ಹಾಜರಿ ಯಾವಾಗ ಬರೀತೀರಿ, ಎಲ್ಲಿ ಕೂತು? ಸಂಜೆ, ಆಫೀಸಿನಲ್ಲಿ, ನೆನಪಿನಿಂದ ಎಂದೆ. ತೊಂದರೆ ಅಲ್ಲೇ ಇತ್ತು. ಈಗ ಜೇಬಿನಲ್ಲಿ ಚಿಕ್ಕ ಪುಸ್ತಕ. ಬೆಳಿಗ್ಗೆ ಆಳುಗಳು ಸಾಲು ನಿಂತಾಗಲೇ ಬರೆದುಬಿಡುತ್ತೇನೆ, ಮೇಸ್ತ್ರಿ ಒಮ್ಮೆ ಓದಿಸಿಕೊಳ್ಳುತ್ತಾನೆ. ಮಾತ್ರೆಯೂ ಇದೆ, ಅನುಕೂಲವಾಗಿದೆ. ಮರೆವು ಈಗಲೂ ಇದೆ, ಜಗಳ ನಿಂತಿದೆ.

ನಿಮ್ಮ ಕೌನ್ಸೆಲರ್‌ಗೆ ಕೇಳಿ: ಈ ಅಭ್ಯಾಸ ನನಗಾಗಿಯೋ, ಎದುರು ಕೂತವರಿಗಾಗಿಯೋ? ಕಣ್ಣು ನೋಡುವುದರಲ್ಲೇ ಶಕ್ತಿಯೆಲ್ಲ ಹೋದರೆ ಅವರ ಮಾತು ತಲೆಗೆ ಹೋಗುವುದಾದರೂ ಹೇಗೆ? ಸರಿಯಾದ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ಹೊಲಿಗೆ ಸರಿ ಬರದಿದ್ದರೆ ಟೈಲರ್‌ನ ಬದಲಿಸುತ್ತೇವೆ, ಅಲ್ವಾ?
– ಒಬ್ಬ ರೈಟರ್, ಸಕಲೇಶಪುರ

ನನ್ನ ಮಗನಿಗೂ ಆಟಿಸಂ, ಈಗ 26. ನಿಮ್ಮ ಅಮ್ಮ ಹೇಳಿದ ಮಾತನ್ನು ನಾನೂ ಆಡಿದವಳೇ, ಅದಕ್ಕೇ ಬರೆಯುತ್ತಿದ್ದೇನೆ. ಮದುವೆ ಔಷಧ ಅಲ್ಲ ಕಣಮ್ಮ. ನಿಮಗೆ ಬೇಕು ಅನಿಸಿದಾಗ ಆಗಿ, ಹುಡುಗನಿಗೆ ಮೊದಲೇ ಹೇಳಿ. ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಮೊದಲು ಕೂಗಿ ಹೇಳುತ್ತೇನೆ, ಅವನು ಹಿತ್ತಲಿಗೆ ಹೋಗುತ್ತಾನೆ. ನೆಂಟರ ಮದುವೆಗೆ ಇಯರ್‌ಪ್ಲಗ್ ಹಾಕಿಕೊಂಡು ಬರುತ್ತಾನೆ. ಗಟ್ಟಿಮೇಳಕ್ಕೆ ಮುಂಚೆ ಛತ್ರದ ಹೊರಗೆ. ಮೊದಲ ಪಂಕ್ತಿಯಲ್ಲಿ ಊಟ, ಮನೆಗೆ ವಾಪಸ್. ಆರತಕ್ಷತೆಯ ಆರ್ಕೆಸ್ಟ್ರಾ ಕಡೆ ತಲೆಯೂ ಹಾಕುವುದಿಲ್ಲ. ಇದಕ್ಕೆ ನಮ್ಮ ನಾದಿನಿ ಮುನಿಸಿಕೊಂಡಿದ್ದರು. ಮುಂದಿನ ನಾಮಕರಣದ ಹೊತ್ತಿಗೆ ಅದೂ ಇಳಿಯಿತು.
– ಒಬ್ಬ ತಾಯಿ, ಚಿಕ್ಕಮಗಳೂರು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರಿ ಕಚೇರಿ ಅಂಥ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದೂ ಅದರಲ್ಲಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಆಮೇಲೆ ವೈದ್ಯರ ತಪಾಸಣೆ ಇರುತ್ತದೆ. ಗದ್ದಲದ ಕೌಂಟರ್‌ನಿಂದ ದೂರದ ಟೇಬಲ್, ಬಾಯಿಮಾತಿನ ಬದಲು ಚೀಟಿಯಲ್ಲಿ ಕೆಲಸ – ಹೀಗೆ ಬೇಕಾದ್ದನ್ನು ಬರೆದೇ ಕೇಳಿ, ಸುಮ್ನೆ ನೋವು ನುಂಗಬೇಡಿ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಯಾರೂ 'ಕಣ್ಣು ನೋಡಿ' ಎನ್ನುವುದಿಲ್ಲ.
– ನಿವೃತ್ತ ಗುಮಾಸ್ತ, ಅರಸೀಕೆರೆ