‘ನಿವಾಸಿಗಳ ನೇತೃತ್ವದ ನೆರೆಹೊರೆ ಆರೋಗ್ಯ ಯೋಜನೆ’: ತಕ್ಕ ಮಾತು ಯಾವುದು?

ಮಾನ್ಯರೇ,

ಹಾಸನದ ನಮ್ಮ ಬಡಾವಣೆಯಲ್ಲಿ ನಾಲ್ಕೈದು ಬೀದಿಗಳವರು ಸೇರಿ, ಚರಂಡಿ, ಬೀದಿದೀಪ, ವಯಸ್ಸಾದವರು ಸಂಜೆ ಅಡ್ಡಾಡುವ ದಾರಿ, ಖಾಲಿ ಸೈಟುಗಳಲ್ಲಿ ನಿಂತ ನೀರಿನ ಸೊಳ್ಳೆಕಾಟ, ಇವುಗಳಲ್ಲಿ ಯಾವುದು ಮೊದಲು ಸರಿಹೋಗಬೇಕೆಂದು ತಾವೇ ತೀರ್ಮಾನಿಸಿ ಬರೆದಿಡುವ ಕೆಲಸಕ್ಕೆ ಕೈಹಾಕಿದ್ದಾರೆ. ಅದರ ಕರಪತ್ರದ ಹೊಣೆ ನನ್ನದು. ಮೇಲಿನ ಶೀರ್ಷಿಕೆ ನನ್ನ ಮೊದಲ ಕರಡು, ಅದನ್ನು ಓದಿದ ಪಕ್ಕದ ಮನೆಯ ಅಜ್ಜಿ, “ಯಾವ ಯೋಜನೆಯಪ್ಪಾ ಇದು, ಅರ್ಜಿ ಎಲ್ಲಿ ಕೊಡಬೇಕು?” ಎಂದು ಕೇಳಿದರು.

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ‘ಯೋಜನೆ’ ಎಂದರೆ ಈಗ ಬಳಕೆಯಲ್ಲಿ ಸರ್ಕಾರ ಕೊಡುವ ಸವಲತ್ತು. ಮುಂದಾಗಬೇಕಾದುದನ್ನು ಕುಳಿತು ಆಲೋಚಿಸುವ ಕ್ರಿಯೆ ಎಂಬ ಅರ್ಥ ಹಿಂದೆ ಸರಿದಿದೆ. ‘ಯೋಜಿಸುವಿಕೆ’ ವ್ಯಾಕರಣಕ್ಕೆ ಸರಿ, ಕಿವಿಗೆ ಅಲ್ಲ.

‘ನೆರೆಹೊರೆ’ಯ ತೊಡಕು ಬೇರೆ. ಅದು ಅಕ್ಕಪಕ್ಕದ ಜನರನ್ನು ಸೂಚಿಸುವಷ್ಟು ಸಲೀಸಾಗಿ ಗೆರೆ ಎಳೆದು ತೋರಿಸಬಹುದಾದ ಜಾಗವನ್ನು ಸೂಚಿಸದು. ಚಿಕ್ಕದಾಗಲೆಂದು ‘ನೆರೆ ಆರೋಗ್ಯ’ ಎಂದರಂತೂ ಮಲೆನಾಡಿನ ಅಂಚಿನಲ್ಲಿರುವ ನಮಗೆ ಹೇಮಾವತಿಯ ಪ್ರವಾಹವೇ ನೆನಪಾಗುತ್ತದೆ. ‘ಕೇರಿ’ ಅಚ್ಚಗನ್ನಡವಾದರೂ ಜಾತಿಯ ನೆನಪನ್ನು ಹೊತ್ತಿರುವುದರಿಂದ ಅದನ್ನು ಎಲ್ಲರಿಗೂ ಹೊದಿಸಲು ನನಗೆ ಮನಸ್ಸಿಲ್ಲ. ‘ಮೊಹಲ್ಲಾ’ ಪೆನ್ಷನ್ ಮೊಹಲ್ಲಾದಂತಹ ಹೆಸರುಗಳಲ್ಲಿ ಉಳಿದಿದೆ, ಹೊಸ ಬಡಾವಣೆಗೆ ಅಂಟುವುದಿಲ್ಲ. ‘ವಾರ್ಡ್’ ಚುನಾವಣೆಯ ಗಡಿ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ; 2011ರ ಜನಗಣತಿಯಲ್ಲಿ ಹಾಸನ ಅದಕ್ಕಿಂತ ಬಹಳ ಕೆಳಗಿತ್ತು. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಹಿಳಾ ಆರೋಗ್ಯ ಸಮಿತಿಗೆ ಗೊತ್ತುಮಾಡಿದ 50ರಿಂದ 100 ಮನೆಗಳ ಅಳತೆಯೇ ನಮ್ಮ ಕೆಲಸಕ್ಕೆ ಹತ್ತಿರವಾದುದು, ಆದರೆ ಅಷ್ಟು ಮನೆಗಳ ಗುಂಪಿಗೆ ಒಂದು ಹೆಸರಿಲ್ಲ. ಜನ ‘ನಮ್ಮ ಏರಿಯಾ’ ಎನ್ನುತ್ತಾರೆ.

‘ನೇತೃತ್ವ’ ಎಂದೊಡನೆ ವೇದಿಕೆ, ಹಾರ, ಅಧ್ಯಕ್ಷರ ಕುರ್ಚಿ ಕಣ್ಣಿಗೆ ಬರುತ್ತವೆ. ಕಚೇರಿಗಳ ‘ಜನಸಹಭಾಗಿತ್ವ’ ಇನ್ನೂ ದೂರದ್ದು: ಅಲ್ಲಿ ಪಟ್ಟಿ ಮೊದಲೇ ಸಿದ್ಧವಿದ್ದು ಜನ ಆಮೇಲೆ ಸೇರುತ್ತಾರೆ. ಇದಕ್ಕೆ ಪ್ರತ್ಯೇಕ ಪದವೇ ಬೇಡವೆಂದು ಈಗ ತೋರುತ್ತಿದೆ. ‘ನಿವಾಸಿಗಳು ರೂಪಿಸುವ’ ಎಂಬುದಕ್ಕೂ ‘ನಿವಾಸಿಗಳೇ ರೂಪಿಸುವ’ ಎಂಬುದಕ್ಕೂ ಇರುವ ವ್ಯತ್ಯಾಸದಲ್ಲಿ, ಅಂದರೆ ಕೊನೆಯ ಒಂದು ಏಕಾರದಲ್ಲಿ, ಲೇಖನಿ ಯಾರ ಕೈಯಲ್ಲಿದೆ ಎಂಬುದು ಬಂದುಬಿಡುತ್ತದೆ.

ಒಳಪುಟದಲ್ಲಿ ಬರುವ ‘ಜೀವನದ ಗುಣಮಟ್ಟ’ವನ್ನೂ ಬದಲಿಸಬೇಕೆಂದಿದ್ದೇನೆ. ‘ಗುಣಮಟ್ಟ’ ಸಿಮೆಂಟಿಗೂ ಅಕ್ಕಿಗೂ ಹೇಳುವ ಮಾತು, ‘ಜೀವನಮಟ್ಟ’ವಾದರೆ ಸಂಪಾದನೆಯ ಲೆಕ್ಕ. ಹೊಲವನ್ನು ಹಸನು ಮಾಡುವ ನಮ್ಮ ಸೀಮೆಯಲ್ಲಿ ‘ಬದುಕು ಹಸನಾಗುವುದು’ ಎಂದರೆ ಮಕ್ಕಳಿಗೂ ತಿಳಿಯುತ್ತದೆ. (ಹಾಸನಕ್ಕೂ ಹಸನಿಗೂ ಇರುವ ನಂಟು ಉಚ್ಚಾರಣೆಯದಷ್ಟೆ.)

ಸದ್ಯಕ್ಕೆ ‘ನಿವಾಸಿಗಳೇ ರೂಪಿಸುವ ಬಡಾವಣೆಯ ಆರೋಗ್ಯ ಮುನ್ನೋಟ’ ಎಂದು ಬರೆದಿಟ್ಟಿದ್ದೇನೆ. ‘ಮುನ್ನೋಟ’ ಇಲ್ಲಿ ಹೊಂದುತ್ತದೆಯೇ? ನಾಲ್ಕೈದು ಬೀದಿಗಳ ಗುಂಪಿಗೆ, ಹಳೆಯ ಮನೆಗಳಿಗೂ ಹೊಸ ಸೈಟುಗಳಿಗೂ ಸಲ್ಲುವಂತೆ, ಚಿಕ್ಕಮಗಳೂರು, ಅರಸೀಕೆರೆ, ಸಕಲೇಶಪುರದ ಕಡೆ ಮಾತಿನಲ್ಲಿ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.