ಪಾಠ ಮಾಡುವವರಿಗೆ ಸುಮ್ಮನಿರುವುದನ್ನು ಕಲಿಸುವುದು ಹೇಗೆ?

ಕೋಥ್ರೂಡ್ ಮೇಷ್ಟ್ರು, ಪುಣೆ:
ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್‌ಗಳಿಗೆ ಸಮಸ್ಯೆ ಆಧಾರಿತ ಕಲಿಕೆಯ ತರಬೇತಿ ಕೊಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಅಂದರೆ ಮೊದಲು ಸಮಸ್ಯೆ ಕೊಡುವುದು, ಹುಡುಗರೇ ಗುಂಪಿನಲ್ಲಿ ಚರ್ಚಿಸಿ ಕಲಿಯುವುದು; ಮೇಷ್ಟ್ರು ಉತ್ತರ ಹೇಳದೆ ದಾರಿ ತೋರಿಸಬೇಕು ಅಷ್ಟೇ. ಸಿವಿಲ್‌ನವರಿಗೆ ಒಂದು ಸಮಸ್ಯೆ ಹುಡುಕಿದ್ದೇನೆ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟರೆ ನಮ್ಮೂರಿನ ಭಿಡೆ ಸೇತುವೆ ಮುಳುಗುತ್ತದೆ, ಏನು ಮಾಡಬೇಕು? ಆದರೆ ನಮ್ಮವರು ಬಾಯಿ ಮುಚ್ಚಿ ಕೂರುವವರಲ್ಲ. ಹುಡುಗರು ತಡವರಿಸಿದರೆ ಸಾಕು, ಬೋರ್ಡಿನ ಹತ್ತಿರ ಓಡುತ್ತಾರೆ!

ಮಾಟುಂಗಾ ಮೇಡಂ:
ಸ್ಲೈಡ್ ಮಾತ್ರ ಬೇಡ ಸರ್. ಅವರನ್ನೇ ವಿದ್ಯಾರ್ಥಿಗಳಾಗಿ ಕೂರಿಸಿ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರ ಏಳು ಹೆಜ್ಜೆ ಹಿಡಿಯಿರಿ: ಗೊತ್ತಿಲ್ಲದ ಪದ ಬಿಡಿಸುವುದು, ಸಮಸ್ಯೆ ಗುರುತಿಸುವುದು, ತೋಚಿದ್ದೆಲ್ಲ ಹೇಳುವುದು, ಅದನ್ನು ಜೋಡಿಸುವುದು, ಏನು ಕಲಿಯಬೇಕೆಂದು ಬರೆಯುವುದು, ಹೋಗಿ ಓದುವುದು, ಬಂದು ಹಂಚಿಕೊಳ್ಳುವುದು. ಐದನೆಯದೇ ಕಷ್ಟ. "ಸೇತುವೆ ಎತ್ತರಿಸಿ" ಅಂತ ಉತ್ತರ ಮೊದಲೇ ಬಂದುಬಿಡುತ್ತದೆ. ಎಷ್ಟು ಕ್ಯೂಸೆಕ್ಸ್‌ಗೆ ಮುಳುಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಮಡಗಾಂವ್ ಮಾಮ:
1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವೈದ್ಯಕೀಯ ಶಾಲೆ ಇದನ್ನು ಶುರುಮಾಡಿದಾಗ ಇಡೀ ಕೋರ್ಸನ್ನೇ ಹಾಗೆ ಕಟ್ಟಿತ್ತು. ನಿಮ್ಮಲ್ಲಿ ಪರೀಕ್ಷೆ ಹಳೆಯದೇ ಅಲ್ವಾ? ಹಾಗಿದ್ದರೆ ಹುಡುಗರು ಗೈಡ್ ಓದುತ್ತಾರೆ, ಅಷ್ಟೇ.

ಕೋಥ್ರೂಡ್ ಮೇಷ್ಟ್ರು:
ಪರೀಕ್ಷೆ ನನ್ನ ಕೈಲಿಲ್ಲ ಮಾಮ. ಇಂಟರ್ನಲ್ ಮಾರ್ಕ್ಸ್ ಇದೆ, ಅದನ್ನು ಕೇಳಿ ನೋಡುತ್ತೇನೆ. ಮೇಡಂ, ಗುಂಪಿಗೆ ಎಷ್ಟು ಜನ?

ಮಾಟುಂಗಾ ಮೇಡಂ:
ಏಳೆಂಟು. ಹತ್ತು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ವಾಟ್ಸಾಪ್ ನೋಡುತ್ತಾರೆ.