ಓಪನ್‌ವರ್ಟ್ ರೂಟರ್: ಬ್ಯಾಕಪ್ ಶುರುವಾದರೆ ವಿಡಿಯೊ ಕಾಲ್ ಕಡಿಯುತ್ತೆ, ಆ್ಯಪ್‌ವಾರು ಆದ್ಯತೆ ಹೇಗೆ?

ಪ್ರಶ್ನೆ

ಓಪನ್‌ವರ್ಟ್ (ರೂಟರ್‌ಗೆ ಹಾಕುವ ಮುಕ್ತ ಆಪರೇಟಿಂಗ್ ಸಿಸ್ಟಂ) 23.05 ಹಾಕಿರುವ ರೂಟರ್. ಲೈನ್ 100 ಎಂಬಿಪಿಎಸ್ ಡೌನ್‌ಲೋಡ್, 20 ಅಪ್‌ಲೋಡ್. ಯಾವುದಾದರೂ ಕಂಪ್ಯೂಟರ್ ಕ್ಲೌಡ್‌ಗೆ ಬ್ಯಾಕಪ್ ಶುರು ಮಾಡಿದರೆ ಸಾಕು, ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 15 ಮಿಲಿಸೆಕೆಂಡ್‌ನಿಂದ 300 ದಾಟುತ್ತೆ. ಝೂಮ್, ಟೀಮ್ಸ್ ಎರಡರಲ್ಲೂ ಧ್ವನಿ ಕಡಿದು ಕಡಿದು ಬರುತ್ತೆ. ಫೈರ್‌ವಾಲ್‌ನ ಟ್ರಾಫಿಕ್ ರೂಲ್ಸ್‌ನಲ್ಲಿ ಯುಡಿಪಿ 3478-3481 ಮತ್ತು 8801-8810 ಪೋರ್ಟ್‌ಗಳಿಗೆ ಡಿಎಸ್‌ಸಿಪಿ ಇಎಫ್ ಗುರುತು (ಇದು ತುರ್ತು ಪ್ಯಾಕೆಟ್ ಎಂದು ಹೇಳುವ ಗುರುತು) ಹಾಕಿದೆ. ಏನೂ ಬದಲಾಗಲಿಲ್ಲ. ಯಾವ ಆ್ಯಪ್ ಅಂತ ರೂಟರ್ ತಾನೇ ಗುರುತಿಸಿ ಕಾಲ್‌ಗೆ ಮೊದಲ ಸ್ಥಾನ ಕೊಡೋ ಹಾಗೆ ಮಾಡಬಹುದಾ?

ಉತ್ತರ 1

ಗುರುತು ಹಾಕಿದ್ದು ಸರಿ, ಆದರೆ ಅದನ್ನು ಓದುವವರು ಯಾರೂ ಇಲ್ಲ. ಪ್ಯಾಕೆಟ್‌ಗಳು ಈಗ ಕಾಯುತ್ತಾ ನಿಂತಿರೋದು ನಿಮ್ಮ ರೂಟರ್‌ನಲ್ಲಲ್ಲ, ಅದರಾಚೆ ಮೋಡೆಮ್‌ನ ದೊಡ್ಡ ಬಫರ್‌ನಲ್ಲಿ. ಅಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತೆ, ಇಎಫ್ ಇದ್ದರೂ ಇಲ್ಲದಿದ್ದರೂ ಒಂದೇ. ಹಾಗಾಗಿ ಆ ಸಾಲನ್ನು ಮೊದಲು ರೂಟರ್ ಒಳಗೆ ಎಳೆದುಕೊಳ್ಳಬೇಕು, ಅಂದರೆ ಲೈನ್‌ನ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ನೀವೇ ಮಿತಿ ಹಾಕಬೇಕು.

ಅದಕ್ಕೆ ಲುಸಿ-ಆ್ಯಪ್-ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ. ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ತೆರೆದು ವ್ಯಾನ್ (ಇಂಟರ್ನೆಟ್ ಕಡೆಯ) ಇಂಟರ್‌ಫೇಸ್ ಆರಿಸಿ. ಪಿಪಿಪಿಒಇ ಲಾಗಿನ್ ಇದ್ದರೆ ಆ ಪಿಪಿಪಿಒಇ ಇಂಟರ್‌ಫೇಸನ್ನೇ ಆರಿಸಿ. ಬೇರೆ ಯಾರೂ ನೆಟ್ ಬಳಸದಿರುವಾಗ ವೇಗ ಅಳೆದು, ಅದರ ಶೇ. 90ರಿಂದ ಶುರು ಮಾಡಿ: ಡೌನ್‌ಲೋಡ್ 90000, ಅಪ್‌ಲೋಡ್ 18000 ಕಿಲೊಬಿಟ್. ಕ್ಯೂ ಡಿಸಿಪ್ಲಿನ್ (ಸಾಲಿನಲ್ಲಿ ಯಾವ ಪ್ಯಾಕೆಟ್ ಮುಂದೆ ಅಂತ ನಿರ್ಧರಿಸುವ ವಿಧಾನ) ಕೇಕ್, ಸ್ಕ್ರಿಪ್ಟ್ ಲೇಯರ್ ಕೇಕ್. ಪೀಸ್ ಆಫ್ ಕೇಕ್ ಆರಿಸಿದರೆ ಒಂದೇ ವರ್ಗ, ಡಿಎಸ್‌ಸಿಪಿ ಗುರುತಿಗೆ ಅಲ್ಲಿ ಬೆಲೆ ಇಲ್ಲ.

ಲಿಂಕ್ ಲೇಯರ್ ಟ್ಯಾಬ್ ಬಿಡಬೇಡಿ. ಎತರ್ನೆಟ್ ಆರಿಸಿ ಓವರ್‌ಹೆಡ್ (ಪ್ರತಿ ಪ್ಯಾಕೆಟ್‌ಗೆ ಸೇರುವ ಹೆಚ್ಚುವರಿ ಬೈಟ್) 44 ಕೊಟ್ಟರೆ ಫೈಬರ್‌ಗೆ ಧಾರಾಳ. ವಿಡಿಎಸ್‌ಎಲ್‌ಗೆ 34, ಕೇಬಲ್‌ಗೆ 18 ಸಾಕು. ಹಳೆಯ ಎಡಿಎಸ್‌ಎಲ್ ಆದರೆ ಎಟಿಎಂ ಆರಿಸಲೇಬೇಕು, ಏಕೆಂದರೆ ಅಲ್ಲಿ 48 ಬೈಟ್ ಡೇಟಾಗೆ 53 ಬೈಟ್ ಹೋಗುತ್ತೆ. ಓವರ್‌ಹೆಡ್ ಕಡಿಮೆ ಕೊಟ್ಟರೆ ದೊಡ್ಡ ಪ್ಯಾಕೆಟ್‌ಗಳಲ್ಲಿ ಎಲ್ಲಾ ಸರಿ ಕಾಣುತ್ತೆ. ಕಾಲ್‌ನಂಥ ಸಣ್ಣ ಪ್ಯಾಕೆಟ್ ಜಾಸ್ತಿಯಾದ ತಕ್ಷಣ ಬಫರ್ ಮತ್ತೆ ತುಂಬುತ್ತೆ.

ಈಗ ಬ್ಯಾಕಪ್ ಓಡಿಸಿ ಪಿಂಗ್ ನೋಡಿ. 30ರೊಳಗೆ ನಿಂತರೆ ಆದ್ಯತೆಯ ಗೋಜಿಗೇ ಹೋಗಬೇಕಾಗಿಲ್ಲ. ಏರುತ್ತಿದ್ದರೆ ಅಪ್‌ಲೋಡ್ ಅಂಕಿಯನ್ನು 500, 500ರಂತೆ ಇಳಿಸುತ್ತಾ ಬನ್ನಿ.

ಉತ್ತರ 2

ರೂಟರ್ ತಾನೇ ಆ್ಯಪ್ ಗುರುತಿಸೋದು ಈಗ ನಂಬುವಂಥದ್ದಲ್ಲ. ಹೆಚ್ಚುಕಮ್ಮಿ ಎಲ್ಲವೂ ಎನ್‌ಕ್ರಿಪ್ಟ್ ಆಗಿ ಪೋರ್ಟ್ 443ರಲ್ಲೇ ಹೋಗುತ್ತೆ, ಕ್ವಿಕ್ (ಹೊಸ ವೆಬ್ ಪ್ರೋಟೊಕಾಲ್) ಬಂದ ಮೇಲೆ ಯುಡಿಪಿಯಲ್ಲೂ ಅದೇ ಪೋರ್ಟ್. ಆ್ಯಪ್ ಯಾವುದು ಅಂತ ಖಚಿತವಾಗಿ ಗೊತ್ತಿರೋದು ಅದು ಓಡುವ ಕಂಪ್ಯೂಟರ್‌ಗೆ. ಗುರುತು ಅಲ್ಲೇ ಹಾಕಿಸಿ.

ವಿಂಡೋಸ್ ಪ್ರೊದಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ತೆರೆದು, ಕಂಪ್ಯೂಟರ್ ಕಾನ್ಫಿಗರೇಷನ್, ವಿಂಡೋಸ್ ಸೆಟ್ಟಿಂಗ್ಸ್, ಪಾಲಿಸಿ ಬೇಸ್ಡ್ ಕ್ಯೂಒಎಸ್‌ಗೆ ಹೋಗಿ. ಪ್ರೋಗ್ರಾಂ ಫೈಲ್‌ನ ಹೆಸರು ಕೊಟ್ಟು ಡಿಎಸ್‌ಸಿಪಿ ಬೆಲೆ ಹಾಕಿ: ಕಾಲ್ ಆ್ಯಪ್‌ಗೆ 46 (ಅದೇ ಇಎಫ್), ಬ್ಯಾಕಪ್ ಆ್ಯಪ್‌ಗೆ 8 (ಕೆಳ ಆದ್ಯತೆ). ಎಷ್ಟೋ ಜನ ಎಡವೋದು ಇಲ್ಲಿ: ಡೊಮೇನ್‌ಗೆ ಸೇರದ ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಈ ಗುರುತನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತೆ. ರಿಜಿಸ್ಟ್ರಿಯಲ್ಲಿ ಟಿಸಿಪಿಐಪಿ ಸರ್ವಿಸ್ ಕೆಳಗೆ ಕ್ಯೂಒಎಸ್ ಕೀ ಮಾಡಿ, ಅದರಲ್ಲಿ ‘ಡು ನಾಟ್ ಯೂಸ್ ಎನ್‌ಎಲ್‌ಎ’ ಎಂಬ ಸ್ಟ್ರಿಂಗ್‌ಗೆ 1 ಕೊಟ್ಟು ರೀಸ್ಟಾರ್ಟ್ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಕಾಲ್‌ಗಳನ್ನು ಮೇಲೆತ್ತೋದಕ್ಕಿಂತ ಬ್ಯಾಕಪ್, ಟೊರೆಂಟ್‌ಗಳನ್ನು 8ಕ್ಕೆ ಇಳಿಸೋದು ಸುಲಭ, ಸುರಕ್ಷಿತ ಕೂಡ. ಅವು ಎರಡೋ ಮೂರೋ ಇರುತ್ತವೆ; ಮುಖ್ಯವಾದವು ಬೆಳೀತಾನೇ ಇರುತ್ತವೆ. ಕೇಕ್‌ನ ವಾಯ್ಸ್ ವರ್ಗಕ್ಕೆ ಲೈನ್‌ನ ಕಾಲು ಭಾಗದವರೆಗೆ ಮಾತ್ರ ಮುಂಗಡ ದಾರಿ, ಅದಕ್ಕಿಂತ ಹೆಚ್ಚು ತುಂಬಿದರೆ ಆದ್ಯತೆ ಕಳೆದುಹೋಗುತ್ತೆ. ಎಲ್ಲವನ್ನೂ ಅದರೊಳಗೆ ತುರುಕಿದರೆ ಯಾವುದಕ್ಕೂ ಆದ್ಯತೆ ಇಲ್ಲ.

ಪ್ರಶ್ನೆ ಕೇಳಿದವರು

ಅಪ್‌ಲೋಡ್ 17500ಕ್ಕೆ ಇಳಿಸಿದ ಮೇಲೆ ಬ್ಯಾಕಪ್ ಓಡುವಾಗಲೂ ಪಿಂಗ್ 22. ಕಾಲ್‌ನಲ್ಲಿ ಧ್ವನಿ ಸ್ಪಷ್ಟ. ಆದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಗೇಮ್ ಡೌನ್‌ಲೋಡ್ ಶುರುವಾದರೆ ವಿಡಿಯೊ ಈಗಲೂ ಮಸುಕಾಗುತ್ತೆ. ಟಿಸಿ (ರೂಟರ್‌ನ ಸಾಲುಗಳ ಲೆಕ್ಕ ತೋರಿಸುವ ಕಮಾಂಡ್) ಅಂಕಿಅಂಶದಲ್ಲಿ ಅಪ್‌ಲೋಡ್ ಕಡೆ ಬಲ್ಕ್, ಬೆಸ್ಟ್ ಎಫರ್ಟ್, ವಾಯ್ಸ್ ಮೂರು ಕಾಲಂ ಇವೆ. ಡೌನ್‌ಲೋಡ್ ಕಡೆ ಒಂದೇ.

ಉತ್ತರ 3

ಅದು ಹಾಗೇ ಇರಬೇಕು. ಹೊರಗಿಂದ ಬರುವ ಪ್ಯಾಕೆಟ್‌ಗಳ ಗುರುತನ್ನು ಎಸ್‌ಕ್ಯೂಎಂ ಡೀಫಾಲ್ಟ್ ಆಗಿ ಲೆಕ್ಕಕ್ಕೆ ತಗೊಳ್ಳಲ್ಲ, ತಗೊಂಡರೂ ಅದು ನೀವು ಹಾಕಿದ್ದಲ್ಲ. ಜೊತೆಗೆ ಒಳಬರುವ ಪ್ಯಾಕೆಟನ್ನು ಕೇಕ್ ಹಿಡಿಯೋದು ಫೈರ್‌ವಾಲ್‌ಗಿಂತ ಮೊದಲು. ನಿಮ್ಮ ರೂಲ್ ಅಲ್ಲಿಗೆ ತಲುಪೋದೇ ಇಲ್ಲ.

ಮೊದಲು ಸುಲಭದ್ದು ಮಾಡಿ. ಗೇಮ್ ಡೌನ್‌ಲೋಡರ್ ಒಟ್ಟಿಗೆ ಹತ್ತಾರು ಕನೆಕ್ಷನ್ ತೆರೆಯುತ್ತೆ. ಕೇಕ್ ಕನೆಕ್ಷನ್‌ವಾರು ಹಂಚಿದಾಗ ನಿಮ್ಮ ಕಾಲ್‌ನ ಒಂದು ಕನೆಕ್ಷನ್‌ಗೆ ಸಿಗೋದು ಒಂದು ಪಾಲು. ಎಸ್‌ಕ್ಯೂಎಂನ ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ಒಳಬರುವ ಕಡೆ ‘ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್ ಇನ್‌ಗ್ರೆಸ್’, ಹೊರಹೋಗುವ ಕಡೆ ‘ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’ ಕೊಡಿ. ಹಂಚಿಕೆ ಆಗ ಮೊದಲು ಯಂತ್ರವಾರು, ಆಮೇಲೆ ಕನೆಕ್ಷನ್‌ವಾರು. ‘ನ್ಯಾಟ್’ (ಮನೆಯ ಯಂತ್ರಗಳೆಲ್ಲ ಒಂದೇ ವಿಳಾಸದಲ್ಲಿ ಹೊರಹೋಗುವ ವ್ಯವಸ್ಥೆ) ಮರೆತರೆ ಐಪಿವಿ4ನಲ್ಲಿ ಮನೆಯ ಎಲ್ಲಾ ಯಂತ್ರಗಳೂ ಕೇಕ್‌ಗೆ ಒಂದೇ ಯಂತ್ರದಂತೆ ಕಾಣುತ್ತವೆ. ನಿಮ್ಮ ಸಮಸ್ಯೆ ಎರಡು ಬೇರೆ ಕಂಪ್ಯೂಟರ್‌ಗಳ ನಡುವಿನದ್ದು, ಇಷ್ಟಕ್ಕೇ ಬಗೆಹರಿಯುವ ಸಾಧ್ಯತೆ ಹೆಚ್ಚು.

ಕಾಲ್, ಡೌನ್‌ಲೋಡ್ ಎರಡೂ ಒಂದೇ ಯಂತ್ರದಲ್ಲಿದ್ದರೆ ಮಾತ್ರ ಡೌನ್‌ಲೋಡ್ ಕಡೆಗೂ ವರ್ಗ ಬೇಕು. ಅದಕ್ಕೆ ಕ್ಯೂಒಎಸ್‌ಐಫೈ ಪ್ಯಾಕೇಜ್ ಇದೆ. ಪೋರ್ಟ್ ಅಥವಾ ಡೊಮೇನ್ ಹೆಸರಿನ ಮೇಲೆ ಎರಡೂ ದಿಕ್ಕಿಗೆ ವರ್ಗ ಕೊಡುತ್ತೆ. ಅದು ತನ್ನದೇ ಕೇಕ್ ಹಾಕಿಕೊಳ್ಳುತ್ತೆ, ಹಾಗಾಗಿ ಅದೇ ಇಂಟರ್‌ಫೇಸ್‌ನಲ್ಲಿ ಎಸ್‌ಕ್ಯೂಎಂ ನಿಲ್ಲಿಸಿ. ಡೊಮೇನ್ ನಿಯಮ ಕೆಲಸ ಮಾಡಬೇಕಾದರೆ ಡಿಎನ್‌ಎಸ್ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಉತ್ತರ ರೂಟರ್ ಕಣ್ಣಿಗೆ ಬೀಳಬೇಕು. ಬ್ರೌಸರ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಆನ್ ಇದ್ದರೆ ಬೀಳಲ್ಲ.

ಉತ್ತರ 4

ಇನ್ನೆರಡು ನೋಡಿಕೊಳ್ಳಿ. ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ (ವೇಗಕ್ಕಾಗಿ ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಸಾಗಿಸುವ ಸೌಲಭ್ಯ) ಆಫ್ ಇರಲಿ. ಸಾಫ್ಟ್‌ವೇರ್ ಆಫ್‌ಲೋಡ್ ಇದ್ದರೆ ಕನೆಕ್ಷನ್‌ನ ಮೊದಲ ಕೆಲವು ಪ್ಯಾಕೆಟ್‌ಗೆ ಮಾತ್ರ ನಿಮ್ಮ ಗುರುತು ಬೀಳುತ್ತೆ, ಹಾರ್ಡ್‌ವೇರ್ ಆದರೆ ಕೇಕ್‌ವರೆಗೂ ಪ್ಯಾಕೆಟ್ ಬರಲ್ಲ. ಡೌನ್‌ಲೋಡ್ ಓಡುವಾಗ ರೂಟರ್‌ಗೆ ಎಸ್‌ಎಸ್‌ಎಚ್ ಮಾಡಿ ಟಾಪ್ ಕಮಾಂಡ್‌ನಲ್ಲಿ ಎಸ್‌ಐಆರ್‌ಕ್ಯೂ (ಪ್ಯಾಕೆಟ್ ಸಾಗಿಸುವಂಥ ಕೆಲಸಕ್ಕೆ ಪ್ರೊಸೆಸರ್ ಕೊಡುವ ಸಮಯ) ಅಂಕಿ ನೋಡಿ. ಒಂದು ಕೋರ್ ಪೂರ್ತಿ ಅದರಲ್ಲೇ ಮುಳುಗಿದ್ದರೆ ಪ್ರೊಸೆಸರ್ ಸೋತಿದೆ ಅಂತ ಅರ್ಥ. ಮಿತಿ ಇಳಿಸಿ, ಇಲ್ಲವೇ ಕೇಕ್ ಬದಲು ಎಫ್‌ಕ್ಯೂ-ಕೋಡೆಲ್ ಮತ್ತು ಸಿಂಪ್ಲೆಸ್ಟ್ ಸ್ಕ್ರಿಪ್ಟ್ ಹಾಕಿ, ಭಾರ ಕಡಿಮೆ, ಆದರೆ ಯಂತ್ರವಾರು ಹಂಚಿಕೆಯೂ ವರ್ಗಗಳೂ ಇರಲ್ಲ.

ಎಲ್ಲಾ ಪರೀಕ್ಷೆಯನ್ನೂ ಕೇಬಲ್ ಹಾಕಿಯೇ ಮಾಡಿ. ಕೇಬಲ್‌ನಲ್ಲಿ ಪಿಂಗ್ ಸ್ಥಿರವಾಗಿದ್ದು ವೈಫೈನಲ್ಲಿ ಜಿಗಿದರೆ ಅಡಚಣೆ ಗಾಳಿಯಲ್ಲಿದೆ, ವ್ಯಾನ್ ಇಂಟರ್‌ಫೇಸ್‌ನ ಯಾವ ಸೆಟ್ಟಿಂಗೂ ಅದನ್ನು ಸರಿ ಮಾಡಲ್ಲ.